ಕೇಳಬಾರದ ಮಾತು ಕೇಳಿದ ಸಂಜೆ

ಮೊದಲು ಕಡಿಮೆಯಾದದ್ದು ರೊಟ್ಟಿ.

ನನ್ನ ಮಗ ವೀರೇಶ ಬೆಳಿಗ್ಗೆ ನಾಲ್ಕು ರೊಟ್ಟಿ ತಿನ್ನುವವನು. ಹತ್ತೊಂಬತ್ತು ವರ್ಷ. ರೋಣದ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಮನೆಯಲ್ಲಿ ನಾವು ನಾಲ್ಕು ಜನ: ನಾನು, ನಮ್ಮ ಯಜಮಾನರು, ಅತ್ತೆ, ಅವನು. ಯಾರಿಗೆ ಎಷ್ಟು ರೊಟ್ಟಿ ಎನ್ನುವುದು ಹಿಟ್ಟು ನಾದುವಾಗಲೇ ಕೈಗೆ ಗೊತ್ತಿರುತ್ತದೆ. ಹೋದ ವರ್ಷ ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ ಅವನ ತಾಟಿನಲ್ಲಿ ಒಂದು ರೊಟ್ಟಿ ಉಳಿಯತೊಡಗಿತು. ಮುಂದಿನ ವಾರ ಎರಡು. ಬಾಯಿ ಕೆಟ್ಟಿರಬೇಕು ಎಂದುಕೊಂಡು ಕೆಂಪು ಖಾರ ಅರೆದಿಟ್ಟೆ. ಗುರೆಳ್ಳು ಹಿಂಡಿಗೆ ಮೊಸರು ಕಲಸಿಕೊಟ್ಟೆ. ಬೆರಳಲ್ಲಿ ಮುಟ್ಟಿ ಎದ್ದುಹೋದ.

ಆಮೇಲೆ ನಿದ್ದೆ. ಹಗಲೆಲ್ಲ ಮಲಗುತ್ತಿದ್ದ. ಬೆಳಿಗ್ಗೆ ನಾನು ಎದ್ದು ಅಂಗಳಕ್ಕೆ ನೀರು ಹಾಕುವಾಗ ಕಣ್ಣು ತೆರೆದುಕೊಂಡೇ ಬಿದ್ದಿರುತ್ತಿದ್ದ. ಗೆಳೆಯರು ಬಂದು ಕರೆದರೆ, ಇಲ್ಲ ಅಂತ ಹೇಳು ಎನ್ನುತ್ತಿದ್ದ. ತಲೆಗೆ ಎಣ್ಣೆ ಇಲ್ಲ, ಗಡ್ಡ ತೆಗೆಯುವುದಿಲ್ಲ. ಇಷ್ಟನ್ನೂ ನಾನು ದಿನಾ ನೋಡಿದೆ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಿದೆ. ಎಲ್ಲ ಸೇರಿಸಿದರೆ ಒಂದು ಕಾಯಿಲೆ ಆಗುತ್ತದೆ ಎಂದು ತಿಳಿಯಲಿಲ್ಲ. ಜ್ವರ ಇರಲಿಲ್ಲವಲ್ಲ.

ಕೊನೆಗೆ ಬಂದದ್ದು ಸಿಟ್ಟು.

ಕಾಲೇಜಿಗೆ ಯಾಕೆ ಹೋಗುತ್ತಿಲ್ಲ ಎಂದು ಅವರಪ್ಪ ಊಟಕ್ಕೆ ಕೂತಾಗ ಕೇಳಿದರು. ಮೆಲ್ಲಗೇ ಕೇಳಿದ್ದರು ಅವತ್ತು. ತಾಟು ಗೋಡೆಗೆ ಹೋಯಿತು. ಬದನೆಕಾಯಿ ಪಲ್ಯ ಕ್ಯಾಲೆಂಡರಿನ ಮೇಲೆಲ್ಲ ಇಳಿಯಿತು. ಮರುವಾರ ಹಿತ್ತಲ ಬಾಗಿಲಿಗೆ ಒದ್ದ. ಕೆಳಗಿನ ಹಲಗೆ ಸೀಳಿತು. ಅದರ ಮರುವಾರ ಮೊಬೈಲು ಒಡೆದ, ತನ್ನದೇ ಮೊಬೈಲು, ರುಬ್ಬುಗಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದ. ನಮ್ಮ ಮನೆಗೆ ಸಿಟ್ಟು ಹೊಸದಲ್ಲ. ಯಜಮಾನರ ಕೈ ಮುಂದು. ಮಗನಿಗೆ ಚಿಕ್ಕಂದಿನಿಂದಲೂ ಬಾರಕೋಲಿನ ರುಚಿ ಗೊತ್ತು. ಹಾಗಾಗಿ ಬೆಂಕಿಗೆ ಬೆಂಕಿ. ಇವನು ಒಡೆಯುವುದು, ಅವರು ಬಡಿಯುವುದು. ನಾನು ಚೂರು ಆರಿಸುವುದು.

ಕಾರಣವನ್ನು ಯಜಮಾನರು ಬೇಗ ಹುಡುಕಿಬಿಟ್ಟರು. ಟಗರು.

ಎರಡು ವರ್ಷದ ಹಿಂದೆ ಸವಡಿಯ ದಾವಲಸಾಬ ಕಾಕಾ ಅವರ ಹತ್ತಿರ ಒಂದು ಕರಿ ಟಗರಿನ ಮರಿ ತಂದಿದ್ದ ವೀರೇಶ. ದಾವಲಸಾಬ ಕಾಕಾ ಕಾಳಗದ ಟಗರು ಸಾಕುವುದರಲ್ಲಿ ಹಳೆಯ ಕೈ. ಅವರು ಕಲಿಸಿದ ಹಾಗೆ ಇವನು ನೆನೆಸಿದ ಹುರುಳಿ, ತತ್ತಿ, ಹಾಲು ಹಾಕಿ ಬೆಳೆಸಿದ. ಗಜೇಂದ್ರಗಡದಲ್ಲಿ ಒಮ್ಮೆ, ನರಗುಂದದಲ್ಲಿ ಒಮ್ಮೆ ಅದು ಗೆದ್ದಿತು. ನಾನು ಒಂದೇ ಒಂದು ಸಲ ನೋಡಿದ್ದೇನೆ. ಎರಡು ಟಗರು ಹಿಂದೆ ಹಿಂದೆ ಸರಿದು, ಓಡಿಬಂದು, ಹಣೆಗೆ ಹಣೆ. ಆ ಸಪ್ಪಳ ಹೊಟ್ಟೆಯಲ್ಲಿ ಕೇಳುತ್ತದೆ. ಟಗರಿನ ಸಂಗಡ ಇದ್ದು ಇದ್ದು ಮಗನೂ ಟಗರಾಗಿದ್ದಾನೆ, ಅದು ಮನೆಯಿಂದ ಹೋದರೆ ಇವನು ಸರಿಹೋಗುತ್ತಾನೆ ಎಂದು ಯಜಮಾನರು ಊರಿಗೆಲ್ಲ ಹೇಳಿದರು. ನಾನೂ ಹೌದೆಂದೆ. ಮಗನಿಗೆ ಕಾಯಿಲೆ ಅನ್ನುವುದಕ್ಕಿಂತ ಟಗರಿನ ತಪ್ಪು ಅನ್ನುವುದು ಹಗುರವಾಗಿತ್ತು.

ಕಡಲೆ ಹೂ ಬಿಟ್ಟ ದಿನಗಳು. ಒಂದು ಮಧ್ಯಾಹ್ನ ಅಪ್ಪ ಮಗನಿಗೆ ಮಾತಿಗೆ ಮಾತು ಬೆಳೆಯಿತು. ವೀರೇಶ ಪಡಸಾಲೆಯ ಗೋಡೆಯ ಕಡೆ ತಿರುಗಿದ. ಹಣೆ ಬಡಿದುಕೊಂಡ. ಮತ್ತೊಮ್ಮೆ. ಮತ್ತೊಮ್ಮೆ. "ನೋಡ್ರಿ, ನಾ ಹೇಳಿದ್ದು ಸುಳ್ಳೇನ? ಟಗರ ಆಗ್ಯಾನ," ಎಂದರು ಯಜಮಾನರು, ಯಾರಿಗೋ ತೋರಿಸುವವರ ಹಾಗೆ. ನಾನು ಓಡಿಹೋಗಿ ಗೋಡೆಗೂ ಹಣೆಗೂ ನಡುವೆ ಕೈ ಇಟ್ಟೆ.

ಬಲಗೈಯ ಎರಡು ಬೆರಳು ಮುರಿದವು.

ಎಕ್ಸ್‌ರೇ ತೆಗೆದ ಡಾಕ್ಟರಿಗೆ ರುಬ್ಬುಗಲ್ಲು ಬಿತ್ತು ಎಂದು ಹೇಳಿದೆವು. ಅವರು ಮತ್ತೇನೂ ಕೇಳಲಿಲ್ಲ. ಹದಿನೈದು ದಿನ ಅತ್ತೆ ರೊಟ್ಟಿ ಬಡಿದರು. ವೀರೇಶ ನನ್ನ ಪ್ಲಾಸ್ಟರ್ ಕಡೆ ನೋಡಲೇ ಇಲ್ಲ. ನೋಡದೇ ಇರುವುದಕ್ಕೆ ಅವನು ಎಷ್ಟು ಕಷ್ಟಪಡುತ್ತಿದ್ದ ಎನ್ನುವುದು ನನಗೆ ಈಗ ಅರ್ಥವಾಗುತ್ತದೆ.

ಅತ್ತೆಯ ಬಗ್ಗೆ ಇಲ್ಲಿ ಹೇಳಬೇಕು. ಎಪ್ಪತ್ತು ದಾಟಿದೆ, ಮನೆಯಲ್ಲಿ ಈಗಲೂ ಅವರ ಮಾತೇ ನಡೆಯುವುದು. ಮದುವೆಯಾಗಿ ಕೊಣ್ಣೂರಿನಿಂದ ಈ ಮನೆಗೆ ಬಂದ ಮೊದಲ ವಾರವೇ ಅವರು ನನಗೆ ಮಾತು ತಿದ್ದಿದ್ದರು. ಅಕ್ಕಿ ತೀರಿದೆ ಅನ್ನಬಾರದು, ಹೆಚ್ಚಾಗೇತಿ ಅನ್ನಬೇಕು. ಬಳೆ ಒಡೆದವು ಅನ್ನಬಾರದು, ಹೆಚ್ಚಿದವು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು. ಹೊರಟವರು ಹೋಗುತ್ತೇನೆ ಅನ್ನಬಾರದು. ಮನೆಯೊಳಗೆ ಆಡಿದ ಕೆಟ್ಟ ಮಾತಿಗೆ, ಅದರಲ್ಲೂ ಮುಸ್ಸಂಜೆಯಲ್ಲಿ ಆಡಿದ್ದಕ್ಕೆ, ದೇವತೆಗಳು ಅಸ್ತು ಅಂದುಬಿಡುತ್ತಾರೆ. ಇಪ್ಪತ್ತೆರಡು ವರ್ಷ ನಾನು ಹಾಗೇ ಮಾತಾಡಿದ್ದೇನೆ. ತಪ್ಪು ಎನಿಸಿರಲಿಲ್ಲ, ಒಂದು ನಯ ಇತ್ತು ಅದರಲ್ಲಿ. ಸಾವು ಎಂಬ ಮಾತನ್ನಂತೂ ಈ ಮನೆಯಲ್ಲಿ ಮಾವ ತೀರಿಕೊಂಡ ದಿನವೂ ಯಾರೂ ಆಡಲಿಲ್ಲ.

ಕಡಲೆ ಕೀಳುವ ಹೊತ್ತಿಗೆ ಅವನು ಅಪ್ಪನ ಮೇಲೆ ಕೈ ಮಾಡಿದ.

ಬಾರಕೋಲು ಎತ್ತಿದ ಕೈ ಹಿಡಿದು ತಿರುವಿ, ಇನ್ನೊಂದು ಕೈಯಲ್ಲಿ ದವಡೆಗೆ ಹೊಡೆದ. ಯಜಮಾನರ ಬಾಯಿಂದ ರಕ್ತ ಬಂತು, ಒಂದು ಹಲ್ಲು ಅಲುಗಾಡಿತು. ಅವರ ಚಿಕ್ಕಪ್ಪನ ಮಕ್ಕಳಿಬ್ಬರು ಓಡಿಬಂದರು. ಮೂರು ಜನ ಸೇರಿ ವೀರೇಶನನ್ನು ಕೆಡವಿದರು. ಎದೆಯ ಮೇಲೆ ಮೊಣಕಾಲು ಊರಿದರು. ಪಡಸಾಲೆಯ ಕಂಬಕ್ಕೆ ಕಟ್ಟಿದರು. ಕೈಗೆ ಸಿಕ್ಕಿದ ಹಗ್ಗ ಟಗರು ಕಟ್ಟುವುದು.

ಮಧ್ಯಾಹ್ನದಿಂದ ಸಂಜೆಯವರೆಗೆ ಅವನು ಕಂಬದಲ್ಲಿದ್ದ. ಬಾಗಿಲಲ್ಲಿ ಮಂದಿ ನಿಂತಿದ್ದರು. ಅತ್ತೆ ಅವನ ಹಣೆಗೆ ವಿಭೂತಿ ಹಚ್ಚಿ ಅಳುತ್ತ ಕೂತರು. ನಾನು ಲೋಟದಲ್ಲಿ ನೀರು ಹಿಡಿದರೆ ಕುಡಿಯಲಿಲ್ಲ. ಅರ್ಧ ಅವನ ಅಂಗಿಯ ಮೇಲೆ ಚೆಲ್ಲಿತು. ಸೂರ್ಯ ಇಳಿಯುವಾಗ ಮೊದಲ ಸಲ ಬಾಯಿಬಿಟ್ಟ.

"ಬಿಚ್ಚವ್ವಾ. ಇನ್ನ ನಾ ಏನೂ ಮಾಡೂದಿಲ್ಲ."

ಬಿಚ್ಚಿದೆವು. ಅವನು ಹೇಳಿದ ಹಾಗೇ ಏನೂ ಮಾಡಲಿಲ್ಲ. ಮರುದಿನ ಗಡ್ಡ ತೆಗೆದ. ತಲೆಗೆ ಸ್ನಾನ ಮಾಡಿದ. ಮೂರು ರೊಟ್ಟಿ ತಿಂದ. ಅಪ್ಪನ ಕಾಲು ಮುಟ್ಟಿ, ತಪ್ಪಾತು ಎಂದ. ಅಜ್ಜಿಯ ಚಷ್ಮಾದ ಮುರಿದ ಕಡ್ಡಿಯನ್ನು ರೋಣದ ಪೇಟೆಗೆ ಒಯ್ದು ಹಾಕಿಸಿಕೊಂಡು ಬಂದ. ಮನೆ ತಣ್ಣಗಾಯಿತು. ಒಬ್ಬರಿಗೊಬ್ಬರು ಕಣ್ಣಲ್ಲೇ ಹೇಳಿಕೊಂಡೆವು: ಮೈಗೆ ಹತ್ತಿದ್ದ ಗಾಳಿ ಇಳಿಯಿತು.

ಐದನೇ ದಿನ ಟಗರನ್ನು ಹೊಡೆದುಕೊಂಡು ಸವಡಿಗೆ ಹೋದ. ದಾವಲಸಾಬ ಕಾಕಾ ಅವರಿಗೆ ಕೊಟ್ಟು ಬರಿಗೈಯಲ್ಲಿ ಬಂದ.

ಅವತ್ತು ನಾನು ಹೋಳಿಗೆ ಮಾಡಿದೆ.

ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಆದರೂ ಬರೆಯಬೇಕು. ಮಗ ತನ್ನ ಜೀವಕ್ಕಿಂತ ಹೆಚ್ಚಿನದನ್ನು ಕೊಟ್ಟುಬಂದ ದಿನ ಅವನ ತಾಟಿಗೆ ತುಪ್ಪ ಸುರಿದು ಹೋಳಿಗೆ ಬಡಿಸಿದವಳು ನಾನು. ಅವನು ತಿಂದ. ಚಲೋ ಆಗ್ಯಾವವ್ವಾ ಎಂದ. ಯಜಮಾನರು ಮೀಸೆ ಒರೆಸಿಕೊಂಡು, ಬುದ್ಧಿ ಬಂತ ನೋಡು ಮಗನಿಗೆ ಎಂದರು. ಅತ್ತೆ ಇಟಗಿ ಭೀಮವ್ವನಿಗೆ ಹರಕೆ ಹೊತ್ತಿದ್ದರಂತೆ. ಬರುವ ಅಮಾವಾಸ್ಯೆಗೆ ನಾವು ಮೂವರೂ ಹೋಗಿ ಮುಟ್ಟಿಸಿ ಬರುವುದೆಂದು ನಿರ್ಧಾರವಾಯಿತು. ವೀರೇಶ, ತಾನು ಮನೆ ನೋಡಿಕೊಳ್ಳುತ್ತೇನೆ, ನೀವು ಹೋಗಿ ಬನ್ನಿ ಎಂದ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ದಾವಲಸಾಬ ಕಾಕಾ ಬಂದರು. ಸವಡಿಯಿಂದ ಬಿಸಿಲಿನಲ್ಲಿ ಟಂಟಂ ಗಾಡಿ ಹಿಡಿದು ಬಂದಿದ್ದರು. ವೀರೇಶ ಒಳಗೆ ಮಲಗಿದ್ದ, ಯಜಮಾನರು ಹೊಲದಲ್ಲಿದ್ದರು. ಕಟ್ಟೆಯ ಮೇಲೆ ಕೂತು ನೀರು ಕುಡಿದು, ಒಳಗಿನವನಿಗೆ ಕೇಳದಂತೆ ದನಿ ತಗ್ಗಿಸಿ, ಟಗರಿಗೆ ಅವನು ರೊಕ್ಕ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದರು. ಟಗರು ಬಿಡಿಸಬೇಕೆಂದು ನಾವೇ ಬಯಸಿದ್ದೆವು, ಈಗ ತಾನಾಗಿ ಬಿಟ್ಟಿದ್ದಾನೆ, ಅವನು ಸುಧಾರಿಸಿದ್ದಾನೆ ಎಂದೆ. ಅವರು ತಲೆ ಅಲ್ಲಾಡಿಸಿದರು.

"ತಂಗೀ, ಟಗರ ಮ್ಯಾಲ ಜೀವಾ ಇಟ್ಟಾವ ಹಂಗ ಕೊಡೂದಿಲ್ಲ. ಹುರುಳಿ ಎಷ್ಟ ನೆನಿಹಾಕಬೇಕು, ಯಾವ ಕಾಲಿಗಿ ನೋವೈತಿ, ಎಲ್ಲಾ ಹೇಳಿದ. ಮತ್ತ ಯಾವಾಗ ಬರ್ತೀ ನೋಡಾಕ ಅಂದ್ರ, ನಗಾಡಿದ. ಆ ನಗಿ ನಂಗ ಗೊತ್ತೈತಿ."

ಆಮೇಲೆ ಅವರು ಹೇಳಿದ್ದು ಅವರ ಹಿರಿಯ ಮಗನ ವಿಷಯ. ಹದಿನಾಲ್ಕು ವರ್ಷದ ಹಿಂದೆ ಹೋದ ಹುಡುಗ. ನಮಗೆಲ್ಲ ಗೊತ್ತಿದ್ದದ್ದು ಅಪಘಾತ ಎಂದು. ಹೋಗುವ ಮೂರು ದಿನ ಮೊದಲು ಆತ ಕೈಯಲ್ಲಿದ್ದ ವಾಚನ್ನು ತಮ್ಮನಿಗೆ ಕಟ್ಟಿದ್ದನಂತೆ. ಎಲ್ಲರೂ ಪ್ರೀತಿ ಎಂದುಕೊಂಡರು. ಅಪ್ಪನಿಗೆ ಏನೋ ಅನಿಸಿ, ಯಾಕೋ, ಆರಾಮ ಇದ್ದೀಯಲ್ಲ ಎಂದು ಕೇಳಿದ್ದರು. ಆರಾಮ ಇದ್ದೀನಿ ಎಂದಿದ್ದ.

"ನಾ ಸುತ್ತೂ ಬಳಸಿ ಕೇಳಿದೆ. ಅಂವ ಸುತ್ತೂ ಬಳಸಿ ಹೇಳಿದ. ನೀ ಹಂಗ ಕೇಳಬ್ಯಾಡ. ಬಾಯಿ ಬಿಟ್ಟ ಕೇಳು."

ಎದ್ದುಹೋದರು. ಚಹಾ ಕೂಡ ಕುಡಿಯಲಿಲ್ಲ.

ನಾನು ಮೊದಲು ಸುತ್ತಿ ಬಳಸಿಯೇ ಕೇಳಿದೆ. ಬೇರೆ ಮಾತು ನನಗೆ ಬರುತ್ತಿರಲಿಲ್ಲ. ಮಗ ಎದ್ದು ಮುಖ ತೊಳೆದು ಬಂದಾಗ ಟವೆಲ್ ಕೊಡುತ್ತ, ಎಲ್ಲಾದರೂ ದೂರ ಹೋಗಬೇಕು ಅನ್ನಿಸುತ್ತದೇನೋ ಎಂದೆ. ಗೋವಾಕ್ಕೆ ಹೋಗಬೇಕು ಎಂದು ನಕ್ಕ. ಮನಸ್ಸಿಗೆ ಬೇಸರವೇ ಎಂದೆ. ಯಾರಿಗಿಲ್ಲ ಎಂದ. ಏನೇನೋ ಕೆಟ್ಟ ವಿಚಾರ ಬರುತ್ತವೆಯೇ ಎಂದೆ. ಪರೀಕ್ಷೆಯದ್ದು ಬರುತ್ತದೆ ಎಂದ. ನಾನು ಬಿಟ್ಟ ಒಂದೊಂದು ಸಂದಿಯಿಂದಲೂ ಅವನು ನುಸುಳಿಕೊಂಡ. ತಪ್ಪು ಅವನದಲ್ಲ. ಸಂದಿ ಬಿಟ್ಟವಳು ನಾನು.

ಸಂಜೆಯಾಯಿತು. ಯಜಮಾನರು ಹೊಲದಿಂದ ಬಂದು ಕಾಲು ತೊಳೆದರು. ಮರುದಿನದ ಬುತ್ತಿಗೆ ಅತ್ತೆ ದಪಾಟಿ ರೊಟ್ಟಿಯ ಹಿಟ್ಟು ಕಲಸುವುದು ಬಿಟ್ಟು ಎದ್ದು ದೇವರ ಮುಂದೆ ದೀಪ ಹಚ್ಚಿದರು. ವೀರೇಶ ಕಂಬಕ್ಕೆ ಒರಗಿ ಕೂತಿದ್ದ. ಬೆಳಿಗ್ಗೆ ಆರೂವರೆಗೆ ನಾವು ಹೊರಡುವವರು. ಕೇಳಿದರೆ ಆ ಮಾತು ಅವನ ತಲೆಯಲ್ಲಿ ನಾನೇ ಬಿತ್ತಿದ ಹಾಗಾಗುತ್ತದೆ ಎಂದು ಹೆದರಿದೆ. ಕೇಳದಿದ್ದರೆ ಏನು ಎನ್ನುವ ಹೆದರಿಕೆ ಅದಕ್ಕಿಂತ ಒಂದು ಕೂದಲೆಳೆ ದೊಡ್ಡದಾಯಿತು. ಅಷ್ಟೇ. ಧೈರ್ಯ ಅಂತ ಏನೂ ಇರಲಿಲ್ಲ.

"ವೀರೇಶ, ನಿನಗ ಸಾಯಬೇಕು ಅನಸ್ತೈತೇನೋ?"

ಅತ್ತೆ ದೀಪ ಬಿಟ್ಟು ತಿರುಗಿದರು. ನನ್ನ ಬಾಯಿಯ ಮೇಲೆ ಹೊಡೆದರು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಮುಟ್ಟದ ಕೈ. ಹಿಟ್ಟಿನ ಕೈ. ತುಟಿ ಹಲ್ಲಿಗೆ ಸಿಕ್ಕು ಬಾಯಲ್ಲಿ ಉಪ್ಪು ಬಂತು. "ದೀಪಾ ಹಚ್ಚೂ ಹೊತ್ತಿನ್ಯಾಗ ಏನ ಬೊಗಳ್ತೀ? ಅಸ್ತು ಅಂದ್ರ ಏನ ಮಾಡ್ತೀ?" ಎಂದು ಇನ್ನೊಮ್ಮೆ ಎತ್ತಿದರು.

ಆ ಕೈಯನ್ನು ವೀರೇಶ ಹಿಡಿದುಕೊಂಡ.

"ಅವ್ವಗ ಬಡೀಬ್ಯಾಡ ಆಯಿ. ಹೂಂ. ಅನಸ್ತೈತಿ."

ಯಾವಾಗ ಅಂತ ಮಾಡಿದ್ದಿ ಎಂದು ನಾನೇ ಕೇಳಿದೆ. ಒಂದು ಸಲ ಆಡಿದ ಮೇಲೆ ಎರಡನೆಯದು ಅಷ್ಟು ಕಷ್ಟವಾಗಲಿಲ್ಲ.

"ನಾಳಿ. ನೀವು ಇಟಗಿಗಿ ಹ್ವಾದ ಮ್ಯಾಲ."

ಯಜಮಾನರು ಎದ್ದರು. ಕೈ ಮೇಲೆ ಹೋಯಿತು. ಹೆದರಿದಾಗಲೂ ಅವರಿಗೆ ಬರುವುದು ಅದೊಂದೇ. ಅವರು ಹೊಡೆಯಲಿ ಎಂದು ಕಾಯುವವನ ಹಾಗೆ ವೀರೇಶ ಕಣ್ಣು ಮುಚ್ಚಿದ. ಹೊಡೆತ ಬೀಳಲಿಲ್ಲ. ಅತ್ತೆ ನಡುವೆ ಬಂದು ತಮ್ಮ ಮಗನ ಎದೆಗೆ ಎರಡೂ ಕೈಯಿಂದ ಗುದ್ದಿ ಹಿಂದಕ್ಕೆ ತಳ್ಳಿದರು. ಆರಡಿ ಆಳು ಗೋಡೆಗೆ ಒರಗಿ, ಹಾಗೇ ಜಾರಿ, ಕೆಳಗೆ ಕೂತುಬಿಟ್ಟರು. ಬಾಯಿ ತೆರೆದು ಅತ್ತರು.

ವೀರೇಶ ಹಿತ್ತಲಿಗೆ ಹೋದ. ನಾನು ಅವನ ಬೆನ್ನಿಗೇ ಇದ್ದೆ. ಹೊಲಕ್ಕೆ ಹೊಡೆಯುವ ಔಷಧದ ಒಂದು ಬಾಟಲಿ ಬಚ್ಚಿಟ್ಟಿದ್ದ. ತಂದು ಅವನೇ ನನ್ನ ಕೈಗೆ ಕೊಟ್ಟ.

ಅದರ ತೂಕ ನನ್ನ ಕೈಯಿಂದ ಇನ್ನೂ ಇಳಿದಿಲ್ಲ.

ಪಕ್ಕದ ಮನೆಯವರ ಗಾಡಿಯಲ್ಲಿ ತಾಲೂಕು ದವಾಖಾನೆಗೆ ಹೋದೆವು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಇವನೊಬ್ಬನನ್ನೇ ಬಿಡಬೇಡಿ, ಬಾತ್‌ರೂಮಿಗೆ ಹೋದರೂ ಬಾಗಿಲು ಹಾಕಿಕೊಳ್ಳಲು ಬಿಡಬೇಡಿ ಎಂದು, ಚೀಟಿ ಬರೆದು ಗದಗಿಗೆ ಕಳಿಸಿದರು. ಅಲ್ಲಿ ಅಡ್ಮಿಟ್ ಮಾಡಿದರು. ಒಂಬತ್ತು ದಿನ.

ಮನೋವೈದ್ಯರು ಹೆಣ್ಣುಮಗಳು, ನನಗಿಂತ ಚಿಕ್ಕವರು. ಮೊದಲು ಅವನೊಬ್ಬನ ಹತ್ತಿರವೇ ಕೂತು ಮಾತಾಡಿದರು, ಮುಕ್ಕಾಲು ತಾಸು. ಆಮೇಲೆ ನಮ್ಮನ್ನು ಕರೆದರು. ಡಿಪ್ರೆಶನ್ ಎಂದರು. ಅದು ಬಂದವರು ಮೂಲೆಯಲ್ಲಿ ಕೂತು ಅಳುತ್ತಾರೆ ಎಂದು ನಾನು ತಿಳಿದಿದ್ದೆ. ಹರೆಯದ ಮಕ್ಕಳಲ್ಲಿ ಅದು ಎಷ್ಟೋ ಸಲ ಸಿಟ್ಟಿನ ವೇಷದಲ್ಲಿ ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನಾನು ಒಂದೊಂದಾಗಿ ನೋಡಿ ಬಿಟ್ಟದ್ದನ್ನೆಲ್ಲ, ಊಟ, ನಿದ್ದೆ, ಗೆಳೆಯರು, ಗಡ್ಡ, ಒಡೆದ ಮೊಬೈಲು, ಅವರು ಒಂದೇ ದಾರಕ್ಕೆ ಪೋಣಿಸಿದರು. ಟಗರು ಅವನನ್ನು ಕೆಡಿಸಿರಲಿಲ್ಲ. ಅದಕ್ಕೆ ಹುರುಳಿ ಹಾಕಬೇಕೆಂದೇ ಆ ನಾಲ್ಕು ತಿಂಗಳು ಅವನು ಹಾಸಿಗೆಯಿಂದ ಏಳುತ್ತಿದ್ದನಂತೆ. ಅವನೇ ಅವರಿಗೆ ಹೇಳಿದ್ದ.

ಕಂಬದಿಂದ ಬಿಚ್ಚಿದ ಮೇಲೆ ಅವನು ಅಷ್ಟು ಶಾಂತವಾಗಿದ್ದನಲ್ಲ ಎಂದು ಕೇಳಿದೆ.

"ಅದಕ್ಕೇ ಭಾಳ ಹೆದರಬೇಕಾಗಿತ್ರಿ ಅಮ್ಮಾ. ಅಷ್ಟ ದಿನ ಗುದ್ದಾಡಿದವ ಒಮ್ಮೆಲೇ ತಣ್ಣಗಾದ್ರ, ಜೀವಕ್ಕಿಂತ ಹೆಚ್ಚಿನ ವಸ್ತು ಕೊಟ್ಟುಬಿಟ್ರ, ಕೆಲವೊಮ್ಮೆ ಒಳಗ ಏನೋ ನಿರ್ಧಾರ ಮಾಡಿಬಿಟ್ಟಾನ ಅಂತ ಅರ್ಥ."

ನಾನು ಕೇಳಿದ್ದು ತಪ್ಪೇ ಎಂದೆ. ತುಟಿ ಇನ್ನೂ ಬಾತಿತ್ತು. ಇಲ್ಲ ಎಂದರು. ಕೇಳಿದ್ದರಿಂದ ಆ ವಿಚಾರ ಯಾರ ತಲೆಯಲ್ಲೂ ಹೊಸದಾಗಿ ಹುಟ್ಟುವುದಿಲ್ಲ. ಒಳಗೆ ಒಬ್ಬನೇ ಹೊತ್ತವನಿಗೆ ಇಳಿಸಲು ಒಂದು ಜಾಗ ಸಿಗುತ್ತದೆ. ನೇರ ಮಾತಿನಲ್ಲಿ ಕೇಳಬೇಕು. ಬಯ್ಯದೆ, ಆಣೆ ಹಾಕಿಸದೆ, ನಮ್ಮ ಗತಿ ಏನು ಎನ್ನದೆ ಕೇಳಬೇಕು. ಮತ್ತು ಉತ್ತರ ಬಂದ ಮೇಲೆ ಬಿಟ್ಟು ಏಳಬಾರದು.

ಕಡೆಗೆ ಅವರು ಮನೆಯಲ್ಲಿ ಹೊಡೆಯುವುದು ಬಡಿಯುವುದು ಇದೆಯೇ ಎಂದು ಕೇಳಿದರು. ಇಲ್ಲ ಎಂದರು ಯಜಮಾನರು. ವೀರೇಶ ನೆಲ ನೋಡುತ್ತಿದ್ದ.

"ಐತ್ರಿ," ಎಂದೆ ನಾನು.

ಬಾರಕೋಲು ಹೇಳಿದೆ. ಬೆರಳು ಹೇಗೆ ಮುರಿದವು ಹೇಳಿದೆ. ಕಂಬ ಹೇಳಿದೆ, ಹಗ್ಗ ಹೇಳಿದೆ. ಹೋಳಿಗೆಯನ್ನೂ ಹೇಳಿದೆ. ಡಾಕ್ಟರಮ್ಮ ಯಜಮಾನರಿಗೆ ಬಯ್ಯಲಿಲ್ಲ. ಮಗ ಬದುಕಬೇಕಾದರೆ ಆ ಕೈ ಇನ್ನು ಏಳಬಾರದು ಎಂದರು, ಔಷಧದ ಹೊತ್ತು ಹೇಳುವಷ್ಟೇ ಸಾದಾ ದನಿಯಲ್ಲಿ. ಯಜಮಾನರು ನನ್ನ ಸಂಗಡ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ನಮ್ಮಪ್ಪನೂ ನನ್ನನ್ನು ಹೀಗೇ ಬೆಳೆಸಿದ, ನಾನು ಬದುಕಿದೆನಲ್ಲ ಎಂದು ಹೇಳಿದರು. ಹೇಳಿದ ಮೇಲೆ ಎದ್ದುಹೋಗಿ, ವಾರ್ಡಿನ ಬಾಗಿಲಲ್ಲಿ ಮಗನನ್ನು ನೋಡುತ್ತ ನಿಂತರು.

ಮನೆಗೆ ಬಂದ ಮೇಲೆ ದಿನದ ಕೆಲಸವೇ ಬದಲಾಯಿತು. ಗುಳಿಗೆ ಹತ್ತಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ಹತ್ತಿರ ಯಾರಾದರೂ ಇರಲೇಬೇಕು ಎಂದಿದ್ದರು. ಬೆಳಿಗ್ಗೆ ಅತ್ತೆ, ಮಧ್ಯಾಹ್ನ ನಾನು, ಸಂಜೆ ಅವರಪ್ಪ. ಗುಳಿಗೆ ನನ್ನ ಟ್ರಂಕಿನಲ್ಲಿ. ಒಂದೊಂದು ಹೊತ್ತಿನದನ್ನು ಮಾತ್ರ ತೆಗೆದು ಕೊಡುತ್ತೇನೆ. ಹೊಲದ ಔಷಧ ಈಗ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಹೊಡೆಯುವ ದಿನವೇ ತಂದು, ಹೊಲದಲ್ಲೇ ಮುಗಿಸಿ ಬರುತ್ತಾರೆ. ಮೊದಲು ದನದ ಕೊಟ್ಟಿಗೆಯ ಮಾಡದಲ್ಲಿ, ಅರಿಷಿಣದ ಡಬ್ಬಿ ಇಟ್ಟಷ್ಟು ಸಲೀಸಾಗಿ ಇಟ್ಟಿರುತ್ತಿದ್ದೆವು. ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ಈಗಲೂ ಹಾಗೇ ಇವೆ. ಹೋದಲ್ಲೆಲ್ಲ ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ನಮ್ಮ ಹುಡುಗರು ಅಂಥವರಲ್ಲ ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ.

ಮಂದಿಗೆ ಬೇಕಾದದ್ದು ಕಾರಣ. ಹುಡುಗಿಯ ವಿಷಯವೇ, ಪರೀಕ್ಷೆಯೇ, ಅಪ್ಪನ ಹೊಡೆತವೇ ಎಂದು ನೀರಿನ ಟ್ಯಾಂಕಿನ ಹತ್ತಿರ ಕೇಳುತ್ತಾರೆ. ಡಾಕ್ಟರಮ್ಮ ಒಂದೇ ಕಾರಣ ಹುಡುಕಬೇಡಿ ಎಂದಿದ್ದಾರೆ. ಒಂದು ಪೇಪರು ಹೋಗಿತ್ತು, ಹೌದು. ಒಬ್ಬ ಗೆಳೆಯ ದೂರವಾಗಿದ್ದ. ಮನೆಯಲ್ಲಿ ಬಾರಕೋಲು ಇತ್ತು. ಅದೇ ಪೇಪರು ಹೋದ ಬೇರೆ ಹುಡುಗರು ಕ್ರಿಕೆಟ್ ಆಡಿಕೊಂಡಿದ್ದಾರೆ. ಕಾಲು ಮುರಿದವನಿಗೆ ಯಾಕೆ ಮುರಿಯಿತು ಎಂದು ಮೊದಲು ಕೇಳಿ ಆಮೇಲೆ ಪಟ್ಟಿ ಕಟ್ಟುವುದಿಲ್ಲವಲ್ಲ.

ಅತ್ತೆ ನನ್ನ ಹತ್ತಿರ ಕ್ಷಮೆ ಗಿಮೆ ಕೇಳಲಿಲ್ಲ. ಒಂದು ದಿನ ಕಾಳು ಆರಿಸುತ್ತ, ಕೆಟ್ಟ ಮಾತಿಗೆ ಅಸ್ತು ಅನ್ನುವ ದೇವರು ಒಳ್ಳೆಯದಕ್ಕೂ ಅಂದೇ ಅನ್ನುತ್ತಾನೆ, ನೀನು ಕೇಳುವುದು ಕೇಳುತ್ತಿರು ಎಂದರು. ಈಗಲೂ ಅಕ್ಕಿ ತೀರಿದರೆ ಹೆಚ್ಚಾಗೇತಿ ಅಂತಲೇ ಅನ್ನುತ್ತೇವೆ. ಅದನ್ನು ಬಿಡುವ ಅವಶ್ಯಕತೆ ನನಗೆ ಕಂಡಿಲ್ಲ. ಈ ಒಂದು ಮಾತನ್ನು ಮಾತ್ರ ಆ ಪಟ್ಟಿಯಿಂದ ತೆಗೆದಿದ್ದೇನೆ. ಪ್ರತಿ ಸೋಮವಾರ ಕೇಳುತ್ತೇನೆ. ಇಲ್ಲ ಎನ್ನುತ್ತಾನೆ. ಒಂದೆರಡು ಸಲ, ಇತ್ತು, ಹೋಯಿತು ಎಂದಿದ್ದಾನೆ.

ಎಲ್ಲ ನೆಟ್ಟಗಾಯಿತು ಎಂದು ಬರೆದರೆ ಸುಳ್ಳು. ಯುಗಾದಿಯ ಹಿಂದೆ ಮುಂದೆ ಮತ್ತೆ ಒಮ್ಮೆ ಸಿಟ್ಟು ಬಂತು. ಹಾಲಿನ ಚರಗಿ ಎತ್ತಿ ಒಗೆದ, ಅದು ಅವರಪ್ಪನ ಭುಜಕ್ಕೆ ಬಡಿಯಿತು. ಅವರ ಮುಖ ಕೆಂಪಾಯಿತು. ಮುಷ್ಟಿ ಬಿಗಿದುಕೊಂಡು ಹೊರಗೆ ಹೋಗಿ ಬೇವಿನ ಗಿಡಕ್ಕೆ ಎರಡು ಗುದ್ದು ಗುದ್ದಿ, ಗೆಣ್ಣು ಸುಲಿದುಕೊಂಡು ಬಂದರು. ಸುಲಿದ ಗೆಣ್ಣಿಗೆ ಅರಿಷಿಣ ಹಚ್ಚಿದವನು ವೀರೇಶ.

ಹೋದ ಸೋಮವಾರದ್ದು ಹೇಳಿ ಮುಗಿಸುತ್ತೇನೆ. ಹೊಲದಲ್ಲಿ ಹೆಸರಿನ ಬೆಳೆ ನಾಲ್ಕು ಎಲೆ ಬಂದಿದೆ. ಮಳೆ ಬಿಡುವು ಕೊಟ್ಟಿತ್ತು, ಸಾಲಿನ ನಡುವಿನ ಕಳೆಗೆ ಎಡೆ ಹೊಡೆಯಲು ಹದ. ಅಪ್ಪ ಮಗ ಅಂಗಳದಲ್ಲಿ ಕೂತು ಕುಂಟೆಯ ಕುಡ, ಅದರ ಕಬ್ಬಿಣದ ಅಲಗು, ಸರಿಮಾಡುತ್ತಿದ್ದರು. ನಾನು ಒಳಗೆ ಬುತ್ತಿ ಕಟ್ಟುತ್ತಿದ್ದೆ, ಇನ್ನೂ ಕೇಳಿರಲಿಲ್ಲ. ಯಜಮಾನರು ತಲೆ ಎತ್ತದೆ, ಕುಡಕ್ಕೆ ಸುತ್ತಿಗೆ ಬಡಿಯುತ್ತ ಬಡಿಯುತ್ತ ಕೇಳಿದ್ದು ನನಗೆ ಕೇಳಿಸಿತು.

"ವೀರ್ಯಾ, ಆ ವಿಚಾರ... ಸಾಯೂ ವಿಚಾರ. ಈ ವಾರ ಬಂದಿತ್ತೇನ?"

ವೀರೇಶ ಕುಡವನ್ನು ತಿರುಗಿಸಿ ಹಿಡಿದ.

"ಬಂದಿತ್ತಪ್ಪಾ. ಎರಡ ಸಲ."

ಸುತ್ತಿಗೆ ನಿಂತಿತು. ನಾನು ಬಾಗಿಲಿಗೆ ಬಂದು ನಿಂತೆ, ದಾಟಲಿಲ್ಲ.

"ಈಗ ಐತೇನ?"

"ಈಗ ಇಲ್ಲ. ನಿನ್ನಿ ಜೋರ ಇತ್ತು."

ಯಜಮಾನರು ಎದ್ದರು. ಬಾನಿಯಲ್ಲಿ ಕೈ ತೊಳೆದು ಧೋತರಕ್ಕೆ ಒರೆಸಿಕೊಂಡರು. ಚಪ್ಪಲಿ ಮೆಟ್ಟಿದರು. ನಡಿ, ಡಾಕ್ಟರಿಗಿ ಹೇಳಿ ಬರೂಣು ಎಂದರು. ಎಡೆ ಹೊಡೆಯುವುದಿತ್ತಲ್ಲ, ಮತ್ತೆ ಮಳೆ ಹಿಡಿದರೆ ಕಸ ಎದ್ದುಬಿಡುತ್ತದೆ ಎಂದ ವೀರೇಶ. "ಎದ್ರ ಏಳವಲ್ದ್ಯಾಕ. ಕಸಾ ಕೀಳಾಕ ಬರತೈತಿ," ಎಂದು ಮೋಟರ್‌ಸೈಕಲ್ ತಿರುಗಿಸಿದರು. ಹೊಲಕ್ಕೆ ಕಟ್ಟಿದ ಬುತ್ತಿ ಗದಗಿಗೆ ಹೋಯಿತು.

ಮೂರು ಗಂಟೆಗೆ ಬಂದರು. ಗುಳಿಗೆಯ ಡೋಸ್ ಸ್ವಲ್ಪ ಬದಲಿಸಿದ್ದರು, ಹದಿನೈದು ದಿನದ ಬದಲು ಒಂದು ವಾರಕ್ಕೇ ಮತ್ತೆ ಬರಲು ಹೇಳಿದ್ದರು. ವೀರೇಶ ಊಟ ಮಾಡಿ ಮಲಗಿದ. ಅವರಪ್ಪ ಅವನ ಹತ್ತಿರವೇ ಕೂತು, ಅವನಿಗೆ ನಿದ್ದೆ ಹತ್ತಿದ ಮೇಲೂ ಏಳಲಿಲ್ಲ.

ಎಡೆ ಹೊಡೆಯುವುದು ಮರುದಿನ ಆಯಿತು. ಇಬ್ಬರೂ ಹೋಗಿದ್ದರು.